ಹೊಳೆ ಹಿಡಿದು ನೋಡಬೇಕಾದ ಊರು

ಮಂಗಳೂರಿಗೆ ಎರಡು ದಿನದ ಪ್ರವಾಸ ಹೊರಟವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬೆಳಿಗ್ಗೆ ಕದ್ರಿ, ಮಂಗಳಾದೇವಿ, ಕುದ್ರೋಳಿ; ಮಧ್ಯಾಹ್ನ ಮೀನಿನೂಟ, ಅದರ ಮೇಲೊಂದು ಗಡ್‌ಬಡ್ ಐಸ್‌ಕ್ರೀಮ್; ಸಂಜೆ ಪಣಂಬೂರಿನ ಇಲ್ಲವೇ ತಣ್ಣೀರುಬಾವಿಯ ಮರಳು. ಮರುದಿನ ಬಾಡಿಗೆ ಕಾರು ಹಿಡಿದು ಮೂಡುಬಿದಿರೆ, ಕಾರ್ಕಳ; ಹೊತ್ತು ಉಳಿದರೆ ಧರ್ಮಸ್ಥಳ. ಇವುಗಳಲ್ಲಿ ಬಿಡಬೇಕಾದದ್ದು ಯಾವುದೂ ಇಲ್ಲ. ಆದರೆ ಹೀಗೆ ನೋಡಿ ಮರಳಿದವರನ್ನು ಒಂದೆರಡು ಸಾದಾ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದು ಕಷ್ಟ. ಉದ್ದಕ್ಕೂ ಮರಳಿನ ದಂಡೆಯೇ ಇರುವ ಈ ಕರಾವಳಿಯಲ್ಲಿ ಪಟ್ಟಣ ಇಲ್ಲೇ ಯಾಕೆ ಬೆಳೆಯಿತು? ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್ ಒಳಗಿರುವ ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ ಏಳುವಷ್ಟು ಹಣ ಎಲ್ಲಿಂದ ಬಂತು? ಪೋರ್ಚುಗೀಸರೊಡನೆ ಕಾದಾಡಿದ ಉಳ್ಳಾಲದ ರಾಣಿಗೂ ಆ ಬಸದಿಯ ಊರಿಗೂ ಏನು ನಂಟು? ನೋಡುವ ಜಾಗಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟಿರುವುದರಿಂದಲೇ ಈ ಪ್ರಶ್ನೆಗಳು ಹುಟ್ಟದೆ ಹೋಗುತ್ತವೆ. ನನ್ನ ವಾದ ಇಷ್ಟು: ಮಂಗಳೂರು ಎರಡು ಹೊಳೆಗಳು ಕಟ್ಟಿದ ಊರು. ಕಡಲು ಅದರ ಬಾಗಿಲು. ಮನೆ ಇರುವುದು ಒಳಗೆ, ಘಟ್ಟದ ಬುಡದವರೆಗೆ. ಬಾಗಿಲಲ್ಲಿ ನಿಂತು ಗಾಳಿ ಸವಿದು ಹಿಂದಿರುಗುವ ಪ್ರವಾಸಕ್ಕಿಂತ, ಕಡಲಿಗೆ ಬೆನ್ನು ಹಾಕಿ ಹೊಳೆಯ ಜತೆ ಮೇಲಕ್ಕೆ ಹೋಗುವ ಪ್ರವಾಸವೇ ಈ ಊರಿಗೆ ಒಪ್ಪುವಂಥದು.

ಮೊದಲು ನೆಲದ ಕತೆ. ಕುದುರೆಮುಖದ ಸುತ್ತಿನ ಮಲೆಗಳಲ್ಲಿ ಹುಟ್ಟುವ ನೇತ್ರಾವತಿ ಪೂರ್ವದಿಂದ ಇಳಿದು ಬಂದು ಉಳ್ಳಾಲದ ಬಳಿ ಕಡಲು ಸೇರುತ್ತದೆ. ಗುರುಪುರ ಹೊಳೆ, ಅಂದರೆ ಫಲ್ಗುಣಿ, ಅದೇ ಮಲೆಗಳ ಕಡೆಯಿಂದಲೇ ಬರುತ್ತದೆ. ಕಡಲ ಹತ್ತಿರ ಬಂದ ಮೇಲೆ ನೇರವಾಗಿ ಸೇರದೆ ದಕ್ಷಿಣಕ್ಕೆ ತಿರುಗಿ, ದಂಡೆಗೆ ಸಮನಾಗಿ ಒಂದಷ್ಟು ದೂರ ಹರಿದು, ನೇತ್ರಾವತಿಯ ಬಾಯಿಯಲ್ಲೇ ತಾನೂ ಕಡಲಿಗೆ ಬೀಳುತ್ತದೆ. ಇವೆರಡೂ ಕೂಡುವ ಜಾಗವನ್ನು ಊರವರು ಅಳಿವೆ ಬಾಗಿಲು ಎನ್ನುತ್ತಾರೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ಬೆಂಗ್ರೆ, ತಣ್ಣೀರುಬಾವಿ. ತೆರೆಯ ಹೊಡೆತವನ್ನು ಆ ಮರಳು ತಾಳಿಕೊಳ್ಳುತ್ತದೆ. ಅದರ ಮರೆಯಲ್ಲಿ ಹೊಳೆಯ ನೀರು ತಣ್ಣಗೆ ನಿಲ್ಲುತ್ತದೆ. ಹಳೆ ಬಂದರು ಹುಟ್ಟಿದ್ದು ಆ ಮರೆಯಲ್ಲಿ. ಅಲ್ಲಿಯ ದಕ್ಕೆಯ ಮೇಲೆ ನಿಂತವರ ಎದುರಿಗೆ ಕಾಣುವುದು ಹೊಳೆಯೇ. ಕಡಲು ಬೆಂಗ್ರೆಯ ಆಚೆ ಇದೆ. ಇದೊಂದು ಸಂಗತಿ ಗಮನಕ್ಕೆ ಬಂದರೆ ಮಂಗಳೂರಿನ ಅರ್ಧ ಚರಿತ್ರೆ ತೆರೆದುಕೊಳ್ಳುತ್ತದೆ. ಆಳವಿಲ್ಲದ ಅಳಿವೆಯೊಳಗೆ ದೊಡ್ಡ ಹಡಗು ಬರಲಾರದು. ಅದು ಹೊರಗೆ ಲಂಗರು ಹಾಕಿ ನಿಲ್ಲಬೇಕು, ಸರಕನ್ನು ದೋಣಿಗಳು ಹೊತ್ತು ತರಬೇಕು, ಹೊತ್ತೊಯ್ಯಬೇಕು. ಹಾಗಾಗಿ ಇಲ್ಲಿಯ ವ್ಯಾಪಾರದ ಉಸಿರೆಲ್ಲ ಸಣ್ಣ ದೋಣಿಯಲ್ಲಿ, ಮಂಜಿ ಎಂಬ ಸರಕಿನ ದೋಣಿಯಲ್ಲಿ ಇತ್ತು. ಅದೇ ದೋಣಿ ಹೊಳೆಯಲ್ಲೂ ಮೇಲಕ್ಕೆ ಹೋಗಬಲ್ಲದು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಕೋಟೆ ಸುಲ್ತಾನ್ ಬತ್ತೇರಿ ಬೋಳೂರಿನಲ್ಲಿ, ಗುರುಪುರ ಹೊಳೆಯ ದಡದಲ್ಲೇ ನಿಂತಿದೆ. ಶತ್ರುವಿನ ನೌಕೆ ಹೊಳೆಯೊಳಗೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಕಾಯಬೇಕಾದ ದಾರಿ ಯಾವುದು ಎನ್ನುವುದು ಕೋಟೆ ಕಟ್ಟಿಸಿದವನಿಗೆ ಗೊತ್ತಿತ್ತು.

ಪರದೇಶದ ವರ್ತಕರು ಇಲ್ಲಿ ಬಂದು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಉಳಿದದ್ದಕ್ಕೂ ಕಾರಣ ಉಂಟು. ಹಾಯಿಯ ಕಾಲದಲ್ಲಿ ಅರಬ್ಬಿ ಸಮುದ್ರ ದಾಟುವುದು ಗಾಳಿಯ ಲೆಕ್ಕ. ಮಳೆಗಾಲ ಇಳಿಯುವ ಹೊತ್ತಿಗೆ ನೈಋತ್ಯದ ಗಾಳಿಯ ಬೆನ್ನೇರಿ ಬಂದ ಹಡಗು, ಚಳಿಗಾಲದ ಈಶಾನ್ಯದ ಗಾಳಿ ಬೀಸಲು ಕಾದು ಮರಳಬೇಕು. ನಡುವಿನ ತಿಂಗಳುಗಳಲ್ಲಿ ಒಳನಾಡಿನ ಸರಕು ಹೊಳೆಯ ದಾರಿಯಾಗಿ ಇಳಿದು ಬರುತ್ತಿತ್ತು. ಟುನೀಶಿಯಾ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 12ನೇ ಶತಮಾನದ ಮಧ್ಯಭಾಗದಲ್ಲಿ ಸುಮಾರು 17 ವರ್ಷ ಮಂಗಳೂರಿನಲ್ಲಿ ಬಾಳಿದ. ಇಲ್ಲಿ ಕಂಚಿನ ಪಾತ್ರೆಗಳ ಕಮ್ಮಟ ನಡೆಸಿದ. ಏಡನ್ನಿನ ಗೆಳೆಯರಿಗೆ ಮೆಣಸು, ಏಲಕ್ಕಿ, ಕಬ್ಬಿಣ ಕಳುಹಿಸಿ ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸಿಕೊಂಡ. ಅವನ ಪತ್ರಗಳು ಕೈರೋದ ಒಂದು ಪ್ರಾರ್ಥನಾಮಂದಿರದ ಕಾಗದದ ರಾಶಿಯಲ್ಲಿ ಉಳಿದುಬಂದವು. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ಮಾಡುತ್ತಿದ್ದ ಆಳಿನ ಹೆಸರು ಬೊಮ್ಮ. ಅಮಿತಾವ್ ಘೋಷ್ ಈ ಬೊಮ್ಮನ ಜಾಡು ಹಿಡಿದೇ 1992ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಇನ್ನೂರು ವರ್ಷಗಳ ನಂತರ ಬಂದ ಇಬ್ನ್ ಬತೂತ, ಮಂಜರೂರ್ ಎಂದು ಅವನು ಕರೆಯುವ ಈ ಊರಿನಲ್ಲಿ ಪರ್ಷಿಯಾದ ಫಾರ್ಸ್‌ನಿಂದಲೂ ಯೆಮನ್‌ನಿಂದಲೂ ಬಂದ ವರ್ತಕರು ಇಳಿಯುತ್ತಾರೆಂದೂ, ಮೆಣಸು ಮತ್ತು ಶುಂಠಿ ಇಲ್ಲಿ ಹೇರಳವೆಂದೂ, ಊರ ಹೊರಗಿನ ಕೇರಿಯಲ್ಲಿ ಸುಮಾರು 4000 ಮುಸ್ಲಿಮರು ಇದ್ದಾರೆಂದೂ ಬರೆದಿಟ್ಟ. ಈ ಸರಕಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೆಣಸು, ಏಲಕ್ಕಿ, ಶುಂಠಿ. ಇದರಲ್ಲಿ ಕಡಲ ದಂಡೆಯ ಮರಳಿನಲ್ಲಿ ಬೆಳೆಯುವಂಥದು ಒಂದೂ ಇಲ್ಲ. ಮೆಣಸಿಗೆ ಹಬ್ಬಲು ಮರ ಬೇಕು, ನೆರಳು ಬೇಕು, ಮಲೆಯ ಬುಡದ ತಂಪು ಬೇಕು. ಬಂದರಿಗೆ ಹೆಸರು ತಂದ ಸರಕೆಲ್ಲ ಬಂದರಿನಿಂದ ಎರಡು ಮೂರು ದಿನದ ದಾರಿಯಲ್ಲಿ ಬೆಳೆದದ್ದು.

ಈಗ ಫಲ್ಗುಣಿಯ ಜತೆ ಹೊರಡೋಣ. ಸುಲ್ತಾನ್ ಬತ್ತೇರಿಯಿಂದ ಕೂಳೂರು, ಅಲ್ಲಿಂದ ಗುರುಪುರ, ಮುಂದೆ ಪೊಳಲಿ, ಇನ್ನೂ ಮೇಲೆ ವೇಣೂರು. ಪೊಳಲಿಯಲ್ಲಿ ರಾಜರಾಜೇಶ್ವರಿಯ ಮೃಣ್ಮಯ ಮೂರ್ತಿ, ತಿಂಗಳ ಕಾಲ ನಡೆಯುವ ಜಾತ್ರೆ, ಅದರ ಕೊನೆಗೆ ಊರೂರಿನವರು ಸೇರಿ ಆಡುವ ಚೆಂಡು. ಹಳಗನ್ನಡದಲ್ಲಿ ಪೊಳಲ್ ಎಂದರೆ ಪಟ್ಟಣ ಎನ್ನುವುದು ಹೊಳೆಯ ತಿರುವಿನಲ್ಲಿರುವ ಈ ಊರಿನ ಹೆಸರು ಕೇಳಿದಾಗ ನೆನಪಿಗೆ ಬರದೆ ಇರದು. ವೇಣೂರಿನಲ್ಲಿ ಅಜಿಲ ಅರಸ ತಿಮ್ಮಣ್ಣ 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ ಇರುವುದು ಇದೇ ಹೊಳೆಯ ದಡದಲ್ಲಿ. ಮೂಡುಬಿದಿರೆ ಮತ್ತು ಕಾರ್ಕಳ ಹೊಳೆಯ ದಡದಲ್ಲಿಲ್ಲ. ಆದರೆ ಗುರುಪುರದಲ್ಲಿ ಹೊಳೆ ದಾಟಿ ಘಟ್ಟದತ್ತ ಹೋಗುವ ದಾರಿಯ ಮೇಲಿವೆ. ಇಂದಿನ ಹೆದ್ದಾರಿಯೂ ಆ ಊರುಗಳನ್ನೇ ಪೋಣಿಸಿಕೊಂಡು ಹೋಗುತ್ತದೆ. ಮೂಡುಬಿದಿರೆಯ 18 ಬಸದಿಗಳಲ್ಲಿ ದೊಡ್ಡದಾದ ತ್ರಿಭುವನ ತಿಲಕ ಚೂಡಾಮಣಿ, ಜನ ಕರೆಯುವ ಸಾವಿರ ಕಂಬದ ಬಸದಿ, 1430ರದು. ಕಾರ್ಕಳದ ಗೊಮ್ಮಟ 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು. ಎರಡೇ ವರ್ಷದ ಅಂತರದಲ್ಲಿ, ಹತ್ತಿಪ್ಪತ್ತು ಕಿಲೋಮೀಟರ್ ದೂರದ ಎರಡು ಊರುಗಳಲ್ಲಿ ಇಷ್ಟು ದೊಡ್ಡ ಎರಡು ಕೆಲಸ. ಬರಿಯ ಭತ್ತದ ಗದ್ದೆಯ ಗೇಣಿಯಿಂದ ಇದು ಆಗುವಂಥದಲ್ಲ. ಬಿದಿರೆಯ ಸೆಟ್ಟಿಗಳ ಕೈಯಲ್ಲಿದ್ದ ವ್ಯಾಪಾರದ ಹಣ ಬಸದಿಯಾಗಿ ನಿಂತಿತು. ಅದಕ್ಕೆ ಕಲ್ಲಿನಲ್ಲೇ ಸಾಕ್ಷಿ ಇದೆ. ಬಸದಿಯ ಭೈರಾದೇವಿ ಮಂಟಪದ ತಳಪಾಯದಲ್ಲಿ ಸುತ್ತಲೂ ಓಡುವ ಸಣ್ಣ ಕೆತ್ತನೆಗಳ ಸಾಲಿದೆ. ಅದರಲ್ಲಿ ಜಿರಾಫೆಯನ್ನು ಹೋಲುವ ಒಂದು ಪ್ರಾಣಿ, ಚೀನಾದ ಡ್ರ್ಯಾಗನ್ನನ್ನು ಹೋಲುವ ಇನ್ನೊಂದು. ಆಫ್ರಿಕಾದ ಪ್ರಾಣಿಯೂ ಚೀನಾದ ಕಲ್ಪನೆಯೂ ತುಳುನಾಡಿನ ಗುಡ್ಡಗಳ ನಡುವಿನ ಶಿಲ್ಪಿಗೆ ಹೇಗೆ ಸಿಕ್ಕವು? ಬಂದರಿನಲ್ಲಿ ಇಳಿದ ಕತೆಗಳು, ಚಿತ್ರಗಳು, ಬಟ್ಟೆಗಳು, ಪಿಂಗಾಣಿ ಮೆಣಸಿನ ದಾರಿಯಲ್ಲೇ ಹಿಮ್ಮುಖವಾಗಿ ಹತ್ತಿ ಬಂದಿರಬೇಕು ಎಂದಲ್ಲದೆ ಬೇರೆ ವಿವರಣೆ ನನಗೆ ಹೊಳೆಯುವುದಿಲ್ಲ. ಕಂಬಗಳನ್ನು ಎಣಿಸಿ, ಒಂದರಂತೆ ಇನ್ನೊಂದಿಲ್ಲ ಎಂದು ಮೆಚ್ಚಿ ಹೊರಡುವ ಪ್ರವಾಸಿ ಸೊಂಟಕ್ಕಿಂತ ಕೆಳಗಿರುವ ಆ ಸಾಲಿನ ಮುಂದೆ ಕುಳಿತು ನೋಡಬೇಕು. ಬಸದಿಯ ಇಳಿಜಾರು ಮಾಡುಗಳನ್ನು ಕಂಡು ಫರ್ಗ್ಯುಸನ್ ಎಂಬ ವಾಸ್ತುಶಿಲ್ಪದ ಇತಿಹಾಸಕಾರ ನೇಪಾಳದ ಕಟ್ಟಡಗಳಿಗೆ ಹೋಲಿಸಿದ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ನಾಡಿನ ಯಾವ ಹಳೆಯ ಮನೆಯನ್ನು ಕಂಡರೂ ಆ ಮಾಡಿನ ಕಾರಣ ತಿಳಿಯುತ್ತದೆ.

ಉಳ್ಳಾಲ ಮತ್ತು ಮೂಡುಬಿದಿರೆಯ ನಂಟಿನ ಮಾತು ಬಾಕಿ ಇದೆ. ಪ್ರವಾಸದ ಪಟ್ಟಿಯಲ್ಲಿ ಉಳ್ಳಾಲ ಕಡಲತೀರದ ಸಾಲಿನಲ್ಲಿ, ಮೂಡುಬಿದಿರೆ ಜೈನ ಕ್ಷೇತ್ರಗಳ ಸಾಲಿನಲ್ಲಿ ಇರುತ್ತವೆ. ಚರಿತ್ರೆಯಲ್ಲಿ ಇವೆರಡೂ ಒಂದೇ ಮನೆತನದವು. ಚೌಟ ಅರಸರಿಗೆ ಕಡಲ ಕಡೆ ಉಳ್ಳಾಲ ಒಂದು ರಾಜಧಾನಿಯಾದರೆ, ಒಳನಾಡಿನಲ್ಲಿ ಪುತ್ತಿಗೆ, ಆಮೇಲೆ ಮೂಡುಬಿದಿರೆ ಇನ್ನೊಂದು. ಅಳಿಯಕಟ್ಟಿನ ಆ ಮನೆತನದಲ್ಲಿ ಹೆಣ್ಣುಮಕ್ಕಳು ಪಟ್ಟವೇರುತ್ತಿದ್ದರು. 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕ ಅಂಥವಳು. ಆ ಜಗಳದ ಮೂಲ ಯಾವುದು? ಕಡಲಲ್ಲಿ ಸರಕು ಸಾಗಬೇಕಾದರೆ ತಮ್ಮ ಪರವಾನಗಿ ಬೇಕು, ಕಪ್ಪ ಬೇಕು, ಅದೂ ಹಲವು ಸಲ ಅಕ್ಕಿಯ ರೂಪದಲ್ಲಿ ಬೇಕು ಎಂಬ ಪೋರ್ಚುಗೀಸರ ಹಟ. ಗೋವೆಯ ಹೊಟ್ಟೆ ತುಂಬುತ್ತಿದ್ದದ್ದು ಕನ್ನಡ ಕರಾವಳಿಯ ಅಕ್ಕಿಯಿಂದ. ಆದ್ದರಿಂದ ಬಂದರಿನ ರಾಣಿಗೆ ಒಳನಾಡಿನ ಗದ್ದೆಯ ಚಿಂತೆ ದೂರದ್ದಾಗಿರಲಿಲ್ಲ. 1623ರಲ್ಲಿ ಈ ಕಡೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಾಣಲು ಹೊರಟ. ಅವಳು ಸಿಕ್ಕಿದ್ದು ಉಳ್ಳಾಲದ ಅರಮನೆಯಲ್ಲಿ ಅಲ್ಲ. ಮಣೇಲ್ ಎಂಬ ಒಳನಾಡಿನ ಊರಿನಲ್ಲಿ, ಬರಿಗಾಲಲ್ಲಿ ನಡೆದು, ಗದ್ದೆಗೆ ನೀರು ಹರಿಸುವ ತೋಡಿನ ಕೆಲಸ ನೋಡುತ್ತಿದ್ದಾಗ. ಉಳ್ಳಾಲದಲ್ಲಿ ಅವಳ ಪೂರ್ವಿಕಳಾದ ಅಬ್ಬಕ್ಕನ ಪ್ರತಿಮೆಗೆ ಕೈಮುಗಿದು ಮರಳುವವರು ತೋಡಿನ ಬದಿಯ ಈ ರಾಣಿಯನ್ನೂ ಜತೆಗಿಟ್ಟು ನೋಡಿದರೆ ಆ ರಾಜ್ಯದ ನಿಜವಾದ ಆಕಾರ ಕಾಣುತ್ತದೆ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರಿ ಕುಂಜರ, ಪಂಚನಾರಿ ತುರಗ ಕೆತ್ತಿದ ಮರದ ಕಂಬಗಳಿವೆ. ಆ ಕಂಬಗಳನ್ನು ನೋಡಿದವರಲ್ಲಿ ಎಷ್ಟು ಮಂದಿಗೆ ಇದು ಅಬ್ಬಕ್ಕನ ಮನೆತನದ ಮನೆ ಎಂದು ಯಾರಾದರೂ ಹೇಳಿರುತ್ತಾರೆ?

ನೇತ್ರಾವತಿಯ ಕತೆ ಇನ್ನೊಂದು ಬಗೆಯದು. ಇಲ್ಲಿ ಅರಸರಿಗಿಂತ ಪೇಟೆಗಳೇ ಮುಖ್ಯ. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಹೊಳೆಬದಿಯ ಜೇಡಿಮಣ್ಣನ್ನು ನಂಬಿ. ಮಣ್ಣು ಹೊಳೆಯದು, ಸುಡುವ ಸೌದೆ ಒಳನಾಡಿನದು, ಎರಡನ್ನೂ ತಂದದ್ದು ದೋಣಿ. ಸುಟ್ಟ ಹೆಂಚು ಅದೇ ನೀರಿನ ದಾರಿಯಲ್ಲಿ ಬಂದರಿಗೆ ಹೋಗಿ ಸಿಂಹಳ, ಬರ್ಮಾ, ಪೂರ್ವ ಆಫ್ರಿಕಾದ ಮನೆಗಳ ಮಾಡು ಹತ್ತಿತು. ಮಂಗಳೂರು ಹೆಂಚು ಎಂಬ ಮಾತು ಜಗತ್ತಿಗೆ ಗೊತ್ತಾದದ್ದು ನೇತ್ರಾವತಿಯ ಕೆಸರಿನಿಂದ. ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು; ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯ ಮಿಶನ್ ಪ್ರೆಸ್ಸಿನಲ್ಲಿ. ಕನ್ನಡಿಗರಿಗೆ ಇದು ತೀರ್ಥಸ್ಥಳವೇ ಆಗಬೇಕಾದ ಜಾಗ, ಆದರೆ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಜೆಪ್ಪುವಿನಿಂದ ಮೇಲೆ ಫರಂಗಿಪೇಟೆ. ಹೆಸರಲ್ಲೇ ಪರಂಗಿಗಳೂ ಇದ್ದಾರೆ, ಪೇಟೆಯೂ ಇದೆ. ಮುಂದೆ ಪಾಣೆಮಂಗಳೂರು, ಬಂಟ್ವಾಳ. 19ನೇ ಶತಮಾನದಲ್ಲಿ ಮೈಸೂರು ಸೀಮೆಯ ಕಾಫಿ ಘಟ್ಟ ಇಳಿದು ಬಂದು ಬಂಟ್ವಾಳದಲ್ಲಿ ನಿಂತು, ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. ಹೊಳೆಗೆ ಬೆನ್ನು ಕೊಟ್ಟು ನಿಂತಿರುವ ಬಂಟ್ವಾಳ ಪೇಟೆಯ ಹಳೆಯ ಅಂಗಡಿ ಮನೆಗಳ ಸಾಲಿಗೆ ಬೇರೆ ಯಾವ ಅರ್ಥವೂ ಇಲ್ಲ. 1923ರ ಮಹಾ ನೆರೆಯ ನೆನಪು ಈ ದಡದ ಊರುಗಳಲ್ಲಿ ಇನ್ನೂ ಬಾಯಿಂದ ಬಾಯಿಗೆ ಬರುತ್ತದೆ. ಇನ್ನೂ ಮೇಲೆ, ಕುಮಾರಧಾರೆ ಬಂದು ನೇತ್ರಾವತಿಯನ್ನು ಕೂಡುವ ಜಾಗ. ಆ ಊರಿನ ಹೆಸರು ಉಪ್ಪಿನಂಗಡಿ. ಇದಕ್ಕಿಂತ ದೊಡ್ಡ ಶಾಸನ ಬೇಕೇ? ಕಡಲ ಉಪ್ಪು ಮೇಲಕ್ಕೆ ಹತ್ತಿ ಘಟ್ಟದವರಿಗೆ ಸಿಗುತ್ತಿದ್ದ ಜಾಗವನ್ನು ಜನ ಹೆಸರಲ್ಲೇ ಬರೆದಿಟ್ಟಿದ್ದಾರೆ. ಈ ಕಡೆ ಬೆಳ್ತಂಗಡಿ, ವೇಣೂರಿನ ಹತ್ತಿರ ಹೊಸಂಗಡಿ. ಘಟ್ಟದ ಬುಡದ ಊರುಗಳಿಗೆ ಅಂಗಡಿ ಎಂಬ ಬಾಲ ಹತ್ತಿದ್ದು ಸುಮ್ಮನೆ ಅಲ್ಲ. ತಲೆಹೊರೆಯವರೂ ಎತ್ತಿನ ಹೇರಿನವರೂ ಮಲೆ ಇಳಿದು ಬಂದು ಸರಕು ಬದಲಾಯಿಸಿಕೊಳ್ಳುವ ಜಾಗಗಳು ಸಹಜವಾಗಿ ಅಲ್ಲೇ ಬೀಳಬೇಕು.

ಇಷ್ಟು ಕೇಳಿದ ಮೇಲೆ ಒಂದು ಆಕ್ಷೇಪ ಬರುತ್ತದೆ, ಅದನ್ನು ನಾನು ಹಗುರವಾಗಿ ಕಾಣಲಾರೆ. ಬಸದಿಗೆ, ಗುಡಿಗೆ, ಇಗರ್ಜಿಗೆ, ಮಸೀದಿಗೆ ಜನ ಹೋಗುವುದು ಭಕ್ತಿಯಿಂದ. ಅವುಗಳನ್ನೆಲ್ಲ ಮೆಣಸಿನ ಲೆಕ್ಕದಲ್ಲಿ ಓದಿದರೆ ಪವಿತ್ರವಾದದ್ದನ್ನು ವ್ಯಾಪಾರಕ್ಕೆ ಇಳಿಸಿದಂತೆ ಆಗದೇ? ಆಗುತ್ತದೆ, ಅಲ್ಲಿಗೇ ನಿಲ್ಲಿಸಿದರೆ. ಆದರೆ ದಾರಿ ಎನ್ನುವುದು ಸರಕಿನ ಸೊತ್ತು ಮಾತ್ರ ಆಗಿರಲಿಲ್ಲ. ಕದ್ರಿಯನ್ನೇ ತೆಗೆದುಕೊಳ್ಳಿ. ಅಲ್ಲಿಯ ಕಂಚಿನ ಲೋಕೇಶ್ವರನ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಕ್ರಿ.ಶ. 968ರ ಬರಹವಿದೆ, ಬೌದ್ಧರ ಅವಲೋಕಿತೇಶ್ವರನ ಲಕ್ಷಣಗಳಿರುವ ಆ ಮೂರ್ತಿ ಮಂಜುನಾಥನ ಗುಡಿಯಲ್ಲಿ ಪೂಜೆಗೊಳ್ಳುತ್ತಿದೆ. ಅದೇ ಗುಡ್ಡದ ಮೇಲಿನ ಜೋಗಿ ಮಠಕ್ಕೆ 12 ವರ್ಷಕ್ಕೊಮ್ಮೆ ನಾಥ ಸಂಪ್ರದಾಯದ ಸಾಧುಗಳ ಗುಂಪು ನಾಸಿಕದ ತ್ರ್ಯಂಬಕೇಶ್ವರದಿಂದ ನಡೆದುಕೊಂಡೇ ಬರುತ್ತದೆ. ಬೌದ್ಧರು, ನಾಥರು, ಶೈವರು ಒಂದೇ ಗುಡ್ಡದಲ್ಲಿ ಒಬ್ಬರ ಮೇಲೊಬ್ಬರು ಪದರವಾಗಿ ಕುಳಿತದ್ದು ಈ ಊರು ದಾರಿಗಳ ಕೊನೆಯಲ್ಲಿ ಇದ್ದದ್ದರಿಂದ. ಮೂಡುಬಿದಿರೆಯ ಗುರುಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದವು. ಇಡೀ ದಿಗಂಬರ ಪರಂಪರೆಗೆ ಅವು ಬೇರೆಲ್ಲೂ ಸಿಗದ ನಿಧಿ. ಸೆಟ್ಟಿಗಳ ಹಣ ಇಲ್ಲದೆ ಆ ಗರಿಗಳನ್ನು ಕಾಯುವ ಮಠ, ಬಸದಿ, ಓದುವ ಮುನಿಗಳು ಇರುತ್ತಿರಲಿಲ್ಲ. ಲಾಭ ದಾನವಾದದ್ದು ಹೇಗೆ ಎಂದು ತಿಳಿದ ಭಕ್ತನ ಭಕ್ತಿ ಕಡಿಮೆಯಾಗುವುದಿಲ್ಲ ಎಂದೇ ನನ್ನ ನಂಬಿಕೆ.

ಇನ್ನೊಂದು ಆಕ್ಷೇಪ ಪ್ರವಾಸ ನಡೆಸಿಕೊಡುವವರದು: ಹಳೆ ಬಂದರಿನಲ್ಲಿ ನೋಡುವುದಕ್ಕೆ ಏನಿದೆ? ಇಕ್ಕಟ್ಟಿನ ಬೀದಿ, ಲಾರಿ, ಮೀನಿನ ವಾಸನೆ, ಗೋಣಿಯ ರಾಶಿ. ಕುಟುಂಬ ಸಮೇತ ಬಂದವರನ್ನು ಅಲ್ಲಿಗೆ ಕರೆದೊಯ್ಯುವುದು ಹೇಗೆ? ಇದಕ್ಕೆ ಉತ್ತರ, ಅಲ್ಲಿರುವುದನ್ನು ಇನ್ನೊಮ್ಮೆ ನೋಡಿ ಎನ್ನುವುದೇ. ಬಂದರಿನ ಸುತ್ತ ಅರ್ಧ ಗಂಟೆ ನಡೆದರೆ, ಇಸ್ಲಾಂ ಧರ್ಮಪ್ರಚಾರಕ ಮಾಲಿಕ್ ದೀನಾರನ ಬಳಗ ಕಟ್ಟಿತೆಂದು ನಂಬಿಕೆಯಿರುವ, ಒಳಗೆ ಮರದ ಕುಸುರಿ ಕೆಲಸ ತುಂಬಿರುವ ಝೀನತ್ ಬಕ್ಷ್ ಮಸೀದಿ. ಪೋರ್ಚುಗೀಸರ ಕಾಲದಿಂದ ಬಂದ ರೊಸಾರಿಯೊ ಇಗರ್ಜಿ. ಗೌಡ ಸಾರಸ್ವತರ ವೆಂಕಟರಮಣ ದೇವಸ್ಥಾನದ ರಥಬೀದಿ. ಮೂರಕ್ಕೂ ನಡುವೆ ಅಕ್ಕಿ, ಸಂಬಾರ, ಹಗ್ಗ, ಬಲೆ ಮಾರುವ ಅಂಗಡಿಗಳು. ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೇರುವ ಮಂಜಿಗಳು. ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು. ನಾರು ಕೊಟ್ಟು ಅಕ್ಕಿ ಒಯ್ಯುತ್ತಿದ್ದ ಆ ನಂಟು ಬೇರೆ ರೂಪದಲ್ಲಿ ಇನ್ನೂ ನಡೆದಿದೆ. ಒಂದೇ ಊರನ್ನು ತುಳುವರು ಕುಡ್ಲ ಎಂದು, ಕೊಂಕಣಿಗರು ಕೊಡಿಯಾಲ್ ಎಂದು, ಬ್ಯಾರಿಗಳು ಮೈಕಾಲ ಎಂದು ಕರೆಯುತ್ತಾರೆ. ಮಂಗಳೂರು ಎಂಬುದೂ ಸೇರಿ ಈ ನಾಲ್ಕು ಹೆಸರುಗಳನ್ನು ಒಟ್ಟಿಗೆ ಒಂದೇ ಬೀದಿಯಲ್ಲಿ ಕೇಳಬೇಕೆಂದರೆ ಬಂದರಿಗಿಂತ ಒಳ್ಳೆಯ ಜಾಗ ಇಲ್ಲ. ವಾಸನೆಯ ಮಾತು ನಿಜ. ಆದರೆ ಎಂಟುನೂರು ಒಂಬೈನೂರು ವರ್ಷ ಒಂದೇ ಕಸುಬು ಮಾಡಿಕೊಂಡು ಬಂದ ಜಾಗ ನಮ್ಮ ರಾಜ್ಯದಲ್ಲಿ ಎಷ್ಟು ಉಳಿದಿವೆ? ಬಾಗಿಲಿಗೊಂದು ಸಣ್ಣ ಫಲಕ, ನಡೆಯಲು ಕಾಲುದಾರಿ, ಬೆಳಗಿನ ಎರಡು ಗಂಟೆ ತೋರಿಸಿಕೊಂಡು ಹೋಗುವ ಊರಿನವರೇ ಆದ ಮಾರ್ಗದರ್ಶಿ, ಇಷ್ಟಾದರೆ ಸಾಕು. ಕಡಲತೀರದಲ್ಲಿ ಕುರ್ಚಿ, ಕೊಡೆ ಹಾಕುವ ಖರ್ಚಿನ ಒಂದು ಪಾಲೂ ಇದಕ್ಕೆ ಬೇಡ.

ಎಲ್ಲ ಹಳೆಯ ಕತೆ, ಹೊಳೆಯಲ್ಲಿ ಈಗ ಸರಕಿನ ದೋಣಿ ಎಲ್ಲಿ ಎಂದು ಕೇಳುವವರೂ ಇದ್ದಾರೆ. ರೈಲು 1907ರಲ್ಲೇ ಬಂತು. ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳಿಗೆ ಅಳಿವೆಯ ಹಂಗು ತಪ್ಪಿತು. ಒಪ್ಪಿದೆ. ಆದರೆ ಹೊಸ ಬಂದರು ಹುಟ್ಟಿದ ಕೆಲವು ವರ್ಷಗಳಲ್ಲಿ ಅದರ ಮುಖ್ಯ ಸರಕು ಯಾವುದಾಯಿತು? ಕುದುರೆಮುಖದ ಕಬ್ಬಿಣದ ಅದಿರು. ಮಲೆಯಲ್ಲಿ ಅಗೆದು, ನೀರಲ್ಲಿ ಕಲಸಿ, 60 ಕಿಲೋಮೀಟರ್‌ಗೂ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ನೇತ್ರಾವತಿ, ಫಲ್ಗುಣಿ ಹುಟ್ಟುವ ಮಲೆಯಿಂದಲೇ ಅವು ಸೇರುವ ಕಡಲಿಗೆ ಮನುಷ್ಯನೊಂದು ಕಬ್ಬಿಣದ ಹೊಳೆ ಮಾಡಿದಂತಾಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಕಾಡನ್ನೂ ಹೊಳೆಯನ್ನೂ ಉಳಿಸಬೇಕೆಂದು ಹೋರಾಡಿದವರಿಗೆ ಅದರಲ್ಲಿ ಪಾಲುಂಟು. ಕೊಡಗು, ಚಿಕ್ಕಮಗಳೂರಿನ ಕಾಫಿ ಇಂದಿಗೂ ಇಲ್ಲಿಂದ ಹಡಗು ಹತ್ತುತ್ತದೆ. ಊರು ಕುಡಿಯುವ ನೀರು ಬರುವುದು ನೇತ್ರಾವತಿಯ ತುಂಬೆ ಕಟ್ಟೆಯಿಂದ. ಬೇಸಿಗೆಯ ಕೊನೆಯ ವಾರಗಳಲ್ಲಿ ಆ ಕಟ್ಟೆಯ ನೀರಿನ ಮಟ್ಟ ಎಷ್ಟು ಎನ್ನುವುದು ಮಂಗಳೂರಿನ ಪತ್ರಿಕೆಗಳಲ್ಲಿ ದಿನದ ಸುದ್ದಿ. ಮೇಲಿನ ಮಲೆ ಬರಿದಾದರೆ ಕೆಳಗಿನ ನಲ್ಲಿ ಬತ್ತುತ್ತದೆ ಎಂದು ಗೊತ್ತಿರುವ ಊರು ತನ್ನನ್ನು ನೋಡಬಂದವರಿಗೆ ಕಡಲನ್ನಷ್ಟೇ ತೋರಿಸಿ ಕಳುಹಿಸುವುದು ಸರಿಯಲ್ಲ.

ಕಡಲತೀರಕ್ಕೆ ಹೋಗಬೇಡಿ ಎಂದು ಇದರ ಅರ್ಥ ಮಾಡಬೇಕಾಗಿಲ್ಲ. ತಣ್ಣೀರುಬಾವಿಗೆ ಹೋಗುವವರು ಸುತ್ತು ದಾರಿಯ ಬದಲು ಸುಲ್ತಾನ್ ಬತ್ತೇರಿಯ ಕಡವಿನಿಂದ ದೋಣಿಯಲ್ಲಿ ದಾಟಿದರೆ, ಕೋಟೆ, ಹೊಳೆ, ಮರಳು, ಕಡಲು ನಾಲ್ಕೂ ಹತ್ತು ನಿಮಿಷದಲ್ಲಿ ಒಂದರ ಹಿಂದೊಂದು ಕಣ್ಣ ಮುಂದೆ ಬರುತ್ತವೆ. ಬಂದರು ಇಲ್ಲೇ ಯಾಕೆ ಎಂಬ ಪ್ರಶ್ನೆಗೆ ಪಾಠದ ಅಗತ್ಯವೇ ಬೀಳುವುದಿಲ್ಲ. ಎರಡೇ ದಿನ ಇರುವವರಿಗೆ ಇದೆಲ್ಲ ಆಗುವ ಮಾತೇ ಎಂದರೆ, ಆಗುತ್ತದೆ. ಗುರುಪುರ, ಪೊಳಲಿ, ಮೂಡುಬಿದಿರೆ, ವೇಣೂರು ಒಂದು ದಿನದ ಹಾದಿ. ಇನ್ನೊಂದು ಹೊಳೆಗೆ ಬೇರೆ ದಿನವನ್ನೇ ಕೊಡಬೇಕಾಗಿಲ್ಲ. ಬೆಂಗಳೂರಿನಿಂದ ಬರುವವರಲ್ಲಿ ಬಹಳ ಮಂದಿ ರಾತ್ರಿ ಬಸ್ಸು ಹಿಡಿಯುತ್ತಾರೆ. ಆ ಬಸ್ಸು ಶಿರಾಡಿ ಘಾಟಿ ಇಳಿದು, ನಸುಕಿನ ಹೊತ್ತಿಗೆ ಉಪ್ಪಿನಂಗಡಿ ದಾಟಿ, ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ಸೇತುವೆ ಹಾದು, ಬಿ.ಸಿ. ರೋಡ್, ತುಂಬೆ, ಫರಂಗಿಪೇಟೆಯ ಮೂಲಕ ಹೊಳೆಯ ಬದಿಯಲ್ಲೇ ಮಂಗಳೂರು ತಲುಪುತ್ತದೆ. ಕಾಫಿಯ ಮೂಟೆ, ಮೆಣಸಿನ ಚೀಲ ಇಳಿದ ದಾರಿ ಅದೇ. ಕಿಟಕಿಯ ಪರದೆ ಎಳೆದಿರುತ್ತದೆ, ಒಳಗಿದ್ದವರೆಲ್ಲ ನಿದ್ದೆಯಲ್ಲಿರುತ್ತಾರೆ. ಬೆಳಗಿನ ಬಸ್ಸು ಹಿಡಿದು ಉಪ್ಪಿನಂಗಡಿಯಲ್ಲಿ ಇಳಿಯಬಹುದು. ಬೇಸಿಗೆಯಾದರೆ ಸಹಸ್ರಲಿಂಗೇಶ್ವರ ದೇವಸ್ಥಾನದ ಮೆಟ್ಟಿಲಿಳಿದು ಹೊಳೆಯ ಮರಳಿಗೇ ಕಾಲಿಡಬಹುದು. ಮಳೆಗಾಲದಲ್ಲಿ ನೀರಿನಡಿ ಮುಳುಗಿರುವ ಲಿಂಗ ಆಗ ಮರಳಿನ ನಡುವೆ ಕಾಣುತ್ತದೆ, ಮಖೆ ಜಾತ್ರೆ ನಡೆಯುವುದೂ ಆ ದಿನಗಳಲ್ಲೇ. ಎಡಗಡೆಯಿಂದ ಕುಮಾರಧಾರೆ, ಬಲಗಡೆಯಿಂದ ನೇತ್ರಾವತಿ. ಮಂಗಳೂರಿಗೆ ಅಲ್ಲಿಂದ ಸಂಜೆಯವರೆಗೂ ಬಸ್ಸುಗಳಿವೆ.